ಪಿಎಫ್‌ಯು ಮತ್ತು ಮಾಸಿದ ‘ಯು’

ಪಿಎಫ್‌ಯು ಪಾಲಿಮರೇಸನ್ನು ನಾನು ಕೊಳ್ಳುವುದಿಲ್ಲ, ನಾನೇ ತಯಾರಿಸಿಕೊಳ್ಳುತ್ತೇನೆ. ಪೈರೋಕಾಕಸ್ ಫ್ಯೂರಿಯೋಸಸ್ ಎಂಬ ಆರ್ಕಿಯಾದಲ್ಲಿ (ಬ್ಯಾಕ್ಟೀರಿಯಾ ಅಲ್ಲದ, ಬೇರೆಯೇ ಗುಂಪಿನ ಏಕಕೋಶ ಸೂಕ್ಷ್ಮಜೀವಿ) ಡಿಎನ್‌ಎ ನಕಲು ಮಾಡುವ ಕಿಣ್ವ ಇದು. ಇಟಲಿಯ ವಲ್ಕಾನೊ ದ್ವೀಪದ ಬಿಸಿ ಕಡಲಂಚಿನಲ್ಲಿ ಸಿಕ್ಕ ಈ ಜೀವಿಗೆ 100 ಡಿಗ್ರಿ ಸೆಲ್ಸಿಯಸ್ ಎಂದರೆ ಹಿತವಾದ ಬಿಸಿ. ಶುದ್ಧೀಕರಣ ಸುಲಭವಾಗುವುದೂ ಅದರಿಂದಲೇ. ಇದರ ಜೀನನ್ನು ಇ. ಕೋಲಿ ಬ್ಯಾಕ್ಟೀರಿಯಾದಲ್ಲಿಟ್ಟು ಬೆಳೆಸಿ, ಕೋಶಗಳನ್ನು ಒಡೆದು, ಆ ದ್ರವವನ್ನು 75 ಡಿಗ್ರಿಯಲ್ಲಿ ಅರ್ಧ ಗಂಟೆ ಇಡುತ್ತೇನೆ. ಇ. ಕೋಲಿಯ ಬಹುಪಾಲು ಪ್ರೋಟೀನುಗಳು ಗರಣೆಗಟ್ಟಿ ದ್ರವ ಬೆಳ್ಳಗಾಗುತ್ತದೆ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಕಸವೆಲ್ಲ ತಳಕ್ಕೆ, ಕಿಣ್ವ ಮೇಲಿನ ತಿಳಿಯಲ್ಲಿ. ಉಳಿದದ್ದು ಪ್ರೋಟೀನುಗಳನ್ನು ಬೇರ್ಪಡಿಸುವ ಕಾಲಮ್ಮಿನ ಕೆಲಸ.

ಹೀಗೆ ಮಾಡಿದ ಒಂದು ತಯಾರಿ ಪಿಸಿಆರ್ ಪರೀಕ್ಷೆಯಲ್ಲಿ, ಅಂದರೆ ಡಿಎನ್‌ಎ ತುಣುಕನ್ನು ಸುತ್ತು ಸುತ್ತಾಗಿ ನಕಲು ಮಾಡುವಾಗ, ಕೈಕೊಟ್ಟಿತು. ನಕಲಾದ ಡಿಎನ್‌ಎ ಪಟ್ಟಿಯಾಗಿ ಕಾಣುವ ಜೆಲ್‌ನಲ್ಲಿ, ಬ್ಯಾಕ್ಟೀರಿಯಾ ಮೂಲದ ಇನ್ನೊಂದು ಪಾಲಿಮರೇಸ್ ಟ್ಯಾಕ್ ಹಾಕಿದ ಸಾಲಿಗೆ ದಪ್ಪ ಬ್ಯಾಂಡ್, ಪಿಎಫ್‌ಯು ಸಾಲು ಖಾಲಿ. ಟ್ಯಾಕ್ ಕೆಲಸ ಮಾಡಿದೆ, ಹಾಗಾಗಿ ಮಿಶ್ರಣ ಸರಿಯಿದೆ, ಕಿಣ್ವವೇ ಸತ್ತಿದೆ ಎಂದು ತೀರ್ಮಾನಿಸಿದೆ. ನಿಧಾನದ ಕಿಣ್ವವಲ್ಲವೇ ಎಂದು ಡಿಎನ್‌ಎಯ ಪ್ರತಿ ಸಾವಿರ ಬೇಸಿಗೆ (ಅಕ್ಷರಕ್ಕೆ) ಎರಡು ನಿಮಿಷ ಕೊಟ್ಟೆ. ತಪ್ಪು ತಿದ್ದುವ ಅದರ ಎಕ್ಸೊನ್ಯೂಕ್ಲಿಯೇಸ್ ಭಾಗ, ನಕಲು ಶುರುಮಾಡಿಸುವ ಚಿಕ್ಕ ಡಿಎನ್‌ಎ ತುಣುಕುಗಳಾದ ಪ್ರೈಮರುಗಳನ್ನೇ ಕಡಿಯುತ್ತಿರಬಹುದೆಂದು, ಎಲ್ಲ ಬೆರೆಸಿದ ಮೇಲೆ ಮಂಜುಗಡ್ಡೆಯ ಮೇಲಿಟ್ಟು ಕಿಣ್ವ ಸೇರಿಸಿದೆ. ಏನೂ ಬರಲಿಲ್ಲ. ಮತ್ತೆ ಕೋಶ ಬೆಳೆಸಿ ಹೊಸದಾಗಿ ತಯಾರಿಸಿದೆ, ಅದೂ ಖಾಲಿ.

ಕಡೆಗೆ ಕಣ್ಣಿಗೆ ಬಿದ್ದದ್ದು ಡಿಎನ್‌ಎ ಕಟ್ಟಲು ಬೇಕಾದ ನ್ಯೂಕ್ಲಿಯೋಟೈಡುಗಳ ಟ್ಯೂಬಿನ ಮುಚ್ಚಳ. ಅದರ ಮೇಲೆ ಮಾಸಿಹೋದ ಒಂದು ‘ಯು’. ಥೈಮಿನ್ ಒದಗಿಸುವ ಡಿಟಿಟಿಪಿಯ ಜಾಗದಲ್ಲಿ ಯುರಾಸಿಲ್ ಒದಗಿಸುವ ಡಿಯುಟಿಪಿ ಹಾಕಿ, ಹಳೆಯ ಪಿಸಿಆರ್ ಉತ್ಪನ್ನಗಳ ಕಲಬೆರಕೆ ತಡೆಯಲು ಬೇರೊಂದು ಪ್ರಯೋಗಕ್ಕೆ ಮಾಡಿಟ್ಟ ಮಿಶ್ರಣ ಅದು. ಟ್ಯಾಕ್‌ಗೆ ಥೈಮಿನ್ ಆದರೂ ಸೈ, ಯುರಾಸಿಲ್ ಆದರೂ ಸೈ. ಪಿಎಫ್‌ಯು ಹಾಗಲ್ಲ. ಒಂದು ಸುತ್ತಿನಲ್ಲಿ ತಾನೇ ಪೋಣಿಸಿದ ಯುರಾಸಿಲ್ ಮುಂದಿನ ಸುತ್ತಿನಲ್ಲಿ ಅಚ್ಚಿನ ಎಳೆಯಲ್ಲಿ ಎದುರಾದರೆ, ನಾಲ್ಕು ಬೇಸು ದೂರದಲ್ಲೇ ಗುರುತು ಹಿಡಿದು ನಿಂತುಬಿಡುತ್ತದೆ. ಬಿಸಿ ಹೆಚ್ಚಿದಷ್ಟೂ ಸೈಟೋಸಿನ್ ತನ್ನ ಅಮೈನೋ ಗುಂಪು ಕಳೆದುಕೊಂಡು ಯುರಾಸಿಲ್ ಆಗುವುದು ಹೆಚ್ಚು. ಅದನ್ನು ಹಾಗೆಯೇ ನಕಲು ಮಾಡಿದರೆ ಜಿ–ಸಿ ಜೋಡಿಯ ಜಾಗದಲ್ಲಿ ಎ–ಟಿ ಬಂದು ಕೂರುತ್ತದೆ. ಕುದಿನೀರಿನಲ್ಲಿ ಬಾಳುವ ಜೀವಿಗೆ ಈ ಹಟ ಬೇಕೇ ಬೇಕು. ಕಿಣ್ವದ ಅಮೈನೋ ಆಮ್ಲಗಳ ಸರಪಳಿಯಲ್ಲಿ 93ನೆಯ ವ್ಯಾಲಿನ್ ತೆಗೆದು ಗ್ಲುಟಮಿನ್ ಇಟ್ಟ ರೂಪಾಂತರದಲ್ಲಿ ಹಟ ಇಲ್ಲ. ನನಗೆ ಅದು ಬೇಕೆನಿಸಲಿಲ್ಲ.

ಈಗ ಪ್ರತಿ ತಯಾರಿಗೂ ಬೇಕೆಂದೇ ಒಂದು ಡಿಯುಟಿಪಿ ಟ್ಯೂಬು ಇಡುತ್ತೇನೆ. ಅದೇ ಬೆಂಚಿನ ಮೇಲೆ ಟ್ಯಾಕ್ ಕೂಡ ತಯಾರಾಗುತ್ತದೆ, ಅದೂ 75 ಡಿಗ್ರಿಗೆ ಜಗ್ಗುವುದಿಲ್ಲ. ಡಿಯುಟಿಪಿ ಸಾಲಿನಲ್ಲಿ ಬ್ಯಾಂಡ್ ಕಂಡಿತೆಂದರೆ ನನ್ನ ಪಿಎಫ್‌ಯುಗೆ ಟ್ಯಾಕ್ ಬೆರೆತಿದೆ.