ನಾಯಿಕೆಮ್ಮಿಗೆ ಪಿಸಿಆರ್ ಒಂದೇ ಸಾಲದು: ನನ್ನ ಅನುಭವ

ನಾನು ಮಂಗಳೂರಿನ ಒಂದು ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ನಾಯಿಕೆಮ್ಮಿನ ಸಂಶಯ ಬಂದರೆ ಈಗ ಎಲ್ಲರೂ ಕೇಳುವುದು ಪಿಸಿಆರ್, ಅಂದರೆ ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆ. ಬೇಗ ಆಗುತ್ತದೆ, ಇದೆಯೋ ಇಲ್ಲವೋ ಗೊತ್ತಾಗುತ್ತದೆ, ಮಗುವಿನ ಚಿಕಿತ್ಸೆಗೆ ಅಷ್ಟು ಸಾಕು. ಆದರೆ ಆ ರೋಗಾಣು ಬದಲಾಗಿದೆಯೇ ಎಂದು ತಿಳಿಯಬೇಕಾದರೆ ಅದನ್ನು ಜೀವಂತವಾಗಿ ಬೆಳೆಸಬೇಕು. ಹೀಗೆ ಬೆಳೆಸುವ ಕಲ್ಚರ್ ಅನ್ನು ನಾನು ಇವತ್ತಿಗೂ ಬಿಟ್ಟಿಲ್ಲ.

ಮನೆಯವರು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ. ಉಳ್ಳಾಲ ಕಡೆಯ ಅಜ್ಜಿಯೊಬ್ಬರು ಎರಡು ತಿಂಗಳ ಮೊಮ್ಮಗನನ್ನು ಎತ್ತಿಕೊಂಡು ಬಂದವರು, ಸ್ವಾಬ್ ತೆಗೆಯುವ ಮೊದಲೇ ಕೇಳಿದರು: “ಸೂಜಿ ಕೊಡಿಸಿದ್ದೇವಲ್ಲ ಮೇಡಂ, ಮತ್ತೆ ಹೇಗೆ ಬಂತು ಇದು?” ಮಗುವಿಗೆ ಆಗಿದ್ದದ್ದು 6ನೇ ವಾರದ ಡೋಸ್ ಮಾತ್ರ. 10 ಮತ್ತು 14ನೇ ವಾರದ್ದು ಬಾಕಿ. ಮನೆಯಲ್ಲಿ ಐದನೇ ಕ್ಲಾಸಿನ ಅಕ್ಕ ವಾರಗಟ್ಟಲೆಯಿಂದ ಕೆಮ್ಮುತ್ತಿದ್ದಳು, ಅವಳಿಗೆ ಚಿಕ್ಕಂದಿನಲ್ಲಿ ಖಾಸಗಿಯಾಗಿ ‘ನೋವಿಲ್ಲದ ಸೂಜಿ’ ಪೂರ್ತಿ ಹಾಕಿಸಿದ್ದರಂತೆ. “ಸೂಜಿ ಸುಳ್ಳಾಗಲಿಲ್ಲ ಅಮ್ಮ, ಅಕ್ಕನದ್ದರ ಬಲ ಇಳಿದಿದೆ, ತಮ್ಮನದ್ದು ಇನ್ನೂ ಏರಿಲ್ಲ” ಎಂದೆ.

ಅದು ದೊಡ್ಡ ಕಾರಣ. ಆದರೆ ರೋಗಾಣುವಿನ ಕಡೆಯಿಂದಲೂ ಒಂದು ಕಾರಣ ಇದೆ. ಸರ್ಕಾರಿ ಪೆಂಟಾವೇಲೆಂಟ್ ಮತ್ತು ಡಿಪಿಟಿಯಲ್ಲಿ ಇರುವುದು ಕೊಂದ ಇಡೀ ಬೋರ್ಡಟೆಲ್ಲಾ ಪರ್ಟುಸಿಸ್, ಅಂದರೆ ನಾಯಿಕೆಮ್ಮಿನ ರೋಗಾಣು. ಜ್ವರ, ತೊಡೆ ನೋವು ಸ್ವಲ್ಪ ಜಾಸ್ತಿ. ನೋವಿಲ್ಲದ್ದು ಎನ್ನುವ ಏಸೆಲ್ಯುಲಾರ್ ಲಸಿಕೆಯಲ್ಲಿ ಅದರ ಒಂದರಿಂದ ಐದು ಪ್ರೋಟೀನ್ ಮಾತ್ರ. ಜಪಾನ್ 1981ರಲ್ಲಿ ಇದನ್ನು ಶುರು ಮಾಡಿತು, ಅಮೆರಿಕ 1990ರ ದಶಕದಲ್ಲಿ ಪೂರ್ತಿ ಇದಕ್ಕೆ ಬದಲಾಯಿತು. ಇಂಥ ಹಲವು ಲಸಿಕೆಗಳಲ್ಲಿ ಪರ್ಟಾಕ್ಟಿನ್ ಎಂಬ ಪ್ರೋಟೀನ್ ಇದೆ. ಲಸಿಕೆ ಪಡೆದ ಮಗುವಿನ ಆಂಟಿಬಾಡಿಗಳು ರೋಗಾಣುವಿನ ಮೈಮೇಲೆ ಇದನ್ನು ಹುಡುಕಿ ಹಿಡಿಯುತ್ತವೆ. ಪರ್ಟಾಕ್ಟಿನ್ ತಯಾರಿಸುವುದನ್ನೇ ಬಿಟ್ಟ ರೋಗಾಣು ಈ ಹಿಡಿತಕ್ಕೆ ಸಿಗುವುದಿಲ್ಲ, ಉಳಿಯುತ್ತದೆ, ಇನ್ನೊಬ್ಬರಿಗೆ ದಾಟುತ್ತದೆ. ಅಮೆರಿಕದಲ್ಲಿ 2010ರ ನಂತರ ಕೆಲವೇ ವರ್ಷಗಳಲ್ಲಿ ಇಂಥ ತಳಿಗಳದ್ದೇ ಬಹುಪಾಲು ಆಯಿತು. ಆಸ್ಟ್ರೇಲಿಯದಲ್ಲೂ ಹಾಗೆಯೇ. ನನ್ನನ್ನು ತುಂಬಾ ಸೆಳೆದ ವಿಷಯ ಏನೆಂದರೆ, ಇವೆಲ್ಲ ಒಂದೇ ಮೂಲದಿಂದ ಹರಡಿದ್ದಲ್ಲ, ಬೇರೆ ಬೇರೆ ಕಡೆ ಬೇರೆ ಬೇರೆ ರೀತಿಯಲ್ಲಿ ಅದೇ ಒಂದು ಜೀನ್ ಕೆಟ್ಟಿದೆ. ಲಸಿಕೆಯ ಒತ್ತಡ ಕೆಲಸ ಮಾಡುತ್ತಿದೆ ಅನ್ನಲು ಇದಕ್ಕಿಂತ ಸಾಕ್ಷಿ ಬೇಕಾ?

ಹಾಗಂತ ಎಲ್ಲ ತಪ್ಪನ್ನೂ ಏಸೆಲ್ಯುಲಾರ್ ಮೇಲೆ ಹಾಕುವುದು ಸರಿಯಲ್ಲ. ಹೆಚ್ಚು ಟಾಕ್ಸಿನ್ (ರೋಗಾಣುವಿನ ವಿಷ) ತಯಾರಿಸುವ ಪಿಟಿಎಕ್ಸ್‌ಪಿ3 ತಳಿ ನೆದರ್‌ಲ್ಯಾಂಡ್ಸ್‌ನಲ್ಲಿ ಹಳೇ ಇಡೀ ರೋಗಾಣುವಿನ ಲಸಿಕೆಯ ಕಾಲದಲ್ಲೇ ಏರಿತ್ತು. ಪರ್ಟಾಕ್ಟಿನ್ ಬಿಟ್ಟ ತಳಿಯ ಎದುರೂ ಲಸಿಕೆ ಜೋರಾದ ಕಾಯಿಲೆಯನ್ನು ತಡೆಯುತ್ತದೆ, ಯಾಕೆಂದರೆ ಟಾಕ್ಸಿನ್ ಮತ್ತು ಉಳಿದ ಪ್ರೋಟೀನುಗಳು ಅದರಲ್ಲಿ ಇದ್ದೇ ಇವೆ. ಲಸಿಕೆ ನಿಲ್ಲಿಸಿದರೆ ಏನಾಗುತ್ತದೆ ಅಂತ ಜಪಾನ್ ನೋಡಿದೆ: 1975ರಲ್ಲಿ ಲಸಿಕೆ ತಡೆಹಿಡಿದ ಮೇಲೆ 1979ರ ಹೊತ್ತಿಗೆ 13,000ಕ್ಕೂ ಜಾಸ್ತಿ ಕೇಸ್, 41 ಸಾವು.

ನಮ್ಮ ಊರಿನಲ್ಲಿ ಎರಡೂ ಲಸಿಕೆಯ ಮಕ್ಕಳು ಅಕ್ಕಪಕ್ಕದ ಮನೆಯಲ್ಲೇ ಇದ್ದಾರೆ. ಇಲ್ಲಿ ರೋಗಾಣು ಯಾವ ಕಡೆ ವಾಲುತ್ತಿದೆ? ಪಿಸಿಆರ್ ಅದನ್ನು ಹೇಳುವುದಿಲ್ಲ. ಅದು ಸಾಮಾನ್ಯವಾಗಿ ನೋಡುವುದು ಐಎಸ್481 ಎಂಬ ಡಿಎನ್‌ಎ ತುಂಡನ್ನು. ಅದು ರೋಗಾಣುವಿನ ಜೀನೋಮಿನಲ್ಲಿ 200ಕ್ಕೂ ಜಾಸ್ತಿ ಕಡೆ ಇರುವುದರಿಂದ ಸುಲಭವಾಗಿ ಸಿಗುತ್ತದೆ, ಅಷ್ಟೇ.

ಇನ್ನು ಬೆಳೆಸುವ ವಿಷಯ. ಸ್ವಾಬ್ ನೈಲಾನಿನಂಥ ಸಿಂಥೆಟಿಕ್ ಆಗಬೇಕು, ಹತ್ತಿಯದ್ದಲ್ಲ. ಹತ್ತಿಯಲ್ಲಿರುವ ಫ್ಯಾಟಿ ಆಸಿಡ್ ಈ ರೋಗಾಣುವಿಗೆ ಆಗುವುದಿಲ್ಲ. ಮೂಗಿನ ತುದಿಯಲ್ಲಿ ಒರೆಸಿದರೆ ಏನೂ ಸಿಗದು, ಮೂಗಿನ ತಳದ ಗುಂಟ ನೇರ ಹಿಂದಕ್ಕೆ ಹೋಗಿ ಗಂಟಲ ಮೇಲ್ಭಾಗಕ್ಕೆ ತಾಗಬೇಕು, ತಾಗಿದ ಮೇಲೆ ಕೆಲವು ಸೆಕೆಂಡು ಹಾಗೇ ಹಿಡಿಯಬೇಕು. ಮಗು ಅಳುತ್ತದೆ, ಹಿಡಿದುಕೊಂಡ ಅಮ್ಮನೂ ಅಳುತ್ತಾರೆ. ಕೆಮ್ಮು ಶುರುವಾದ ಮೊದಲ ಎರಡು ವಾರದಲ್ಲಿ ತೆಗೆದದ್ದರಲ್ಲಿ ಬೆಳೆಯುವ ಸಾಧ್ಯತೆ ಜಾಸ್ತಿ. ಆಮೇಲೆ ಕೆಮ್ಮು ಇರುತ್ತದೆ, ಜೀವಂತ ರೋಗಾಣು ಸಿಗುವುದು ಕಡಿಮೆ.

1906ರಲ್ಲಿ ಬೋರ್ಡೆ ಮತ್ತು ಝಾಂಗು ಇದನ್ನು ಆಲೂಗಡ್ಡೆ, ಗ್ಲಿಸರಿನ್, ರಕ್ತ ಸೇರಿಸಿದ ಅಗಾರ್ (ರೋಗಾಣು ಬೆಳೆಸುವ ಜೆಲ್ಲಿಯಂಥ ಆಹಾರ) ಮೇಲೆ ಬೆಳೆಸಿದರು. ನಾನು ಬಳಸುವುದು ಇದ್ದಿಲು ಸೇರಿಸಿದ ರೇಗನ್-ಲೋ ಅಗಾರ್. ಮೂಗಿನ ಉಳಿದ ಬ್ಯಾಕ್ಟೀರಿಯಾ ಏಳದಂತೆ ಅದರಲ್ಲಿ ಸೆಫಲೆಕ್ಸಿನ್ ಎಂಬ ಆಂಟಿಬಯಾಟಿಕ್ ಇರುತ್ತದೆ. 35-36 ಡಿಗ್ರಿ, ಇನ್‌ಕ್ಯುಬೇಟರ್ ಒಳಗೆ ಒಂದು ಬಟ್ಟಲು ನೀರು, ಯಾಕೆಂದರೆ ಪ್ಲೇಟ್ ಒಣಗಿದರೆ ಮುಗಿಯಿತು. ನಮ್ಮ ಮಳೆಗಾಲದಲ್ಲಿ ಇನ್ನೊಂದು ತಾಪತ್ರಯ, ಇಷ್ಟು ದಿನ ಇಡುವ ಪ್ಲೇಟಿಗೆ ಬೂಷ್ಟು ಹಿಡಿಯುತ್ತದೆ. ಅದಕ್ಕೆ ಅಂಚು ಸುತ್ತಿ, ಬೇರೆ ಪ್ಲೇಟುಗಳಿಂದ ದೂರ ಇಡುತ್ತೇನೆ, ಸುಮ್ನೆ ಸುಮ್ನೆ ತೆರೆಯುವುದಿಲ್ಲ. ಮೂರನೇ ದಿನದಿಂದ ಪಕ್ಕದಿಂದ ಬೆಳಕು ಬಿಟ್ಟು ಲೆನ್ಸ್ ಹಿಡಿದು ನೋಡಬೇಕು. ಕಪ್ಪು ಅಗಾರ್ ಮೇಲೆ ಪಾದರಸದ ಹನಿಯ ಹಾಗೆ ಪುಟ್ಟ ಹೊಳೆಯುವ ಚುಕ್ಕೆ ಕಂಡರೆ ಅದೇ. ಕಾಣದಿದ್ದರೂ ವಾರಕ್ಕೇ ಎಸೆಯಬಾರದು, 10-12 ದಿನ ಇಡಬೇಕು.

ಬೆಳೆದ ಮೇಲೆ ಪರ್ಟಾಕ್ಟಿನ್ ಜೀನನ್ನು ಮಾತ್ರ ಪಿಸಿಆರ್ ಮಾಡಿ, ಡಿಎನ್‌ಎಯನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್ ಓಡಿಸುತ್ತೇನೆ, ಅಲ್ಲಿ ಜೀನ್ ಒಂದು ಗೆರೆಯಾಗಿ (ಬ್ಯಾಂಡ್) ಕಾಣುತ್ತದೆ. ಅದೇ ಐಎಸ್481 ತುಂಡು ಆ ಜೀನಿನ ಮಧ್ಯೆ ಬಂದು ಕೂತರೆ ಜೀನ್ ಕೆಡುತ್ತದೆ, ಉದ್ದ ಸುಮಾರು ಒಂದು ಸಾವಿರ ಬೇಸ್ ಹೆಚ್ಚುತ್ತದೆ, ಜೆಲ್‌ನಲ್ಲಿ ಬ್ಯಾಂಡ್ ಮೇಲೆಯೇ ನಿಲ್ಲುತ್ತದೆ. ಬರಿಗಣ್ಣಿಗೆ ಕಾಣುತ್ತದೆ! ನನಗೆ ಸಿಕ್ಕಿದ ಕೆಲವೇ ತಳಿಗಳಲ್ಲಿ ಬ್ಯಾಂಡ್ ಹೋಲಿಕೆಗೆ ಇಟ್ಟ ಸರಿಯಾದ ತಳಿಯ, ಅಂದರೆ ಕಂಟ್ರೋಲ್‌ನ ಸಾಲಿನಲ್ಲೇ ಬಂದಿದೆ. ಆದರೆ ಬ್ಯಾಂಡ್ ಸರಿಯಿದ್ದರೆ ಎಲ್ಲ ಸರಿ ಎಂದಲ್ಲ, ಒಂದೇ ಅಕ್ಷರ ಬದಲಾಗಿಯೂ ಪ್ರೋಟೀನ್ ನಿಲ್ಲಬಹುದು, ಅದಕ್ಕೆ ಜೀನನ್ನು ಅಕ್ಷರ ಅಕ್ಷರವಾಗಿ ಓದುವ ಸೀಕ್ವೆನ್ಸಿಂಗ್ ಬೇಕು. ಕೆಲವೇ ತಳಿ ನೋಡಿ ಜಿಲ್ಲೆಯ ಬಗ್ಗೆ ಮಾತಾಡಲೂ ಆಗುವುದಿಲ್ಲ.

ಬೆಳೆದ ರೋಗಾಣುವಿನ ಮೇಲೆ ಎರಿತ್ರೋಮೈಸಿನ್ ಎಂಬ ಆಂಟಿಬಯಾಟಿಕ್ ಇರುವ ಪುಟ್ಟ ಡಿಸ್ಕನ್ನೂ ಇಡುತ್ತೇನೆ. ಚೀನಾದಲ್ಲಿ ಈ ಗುಂಪಿನ ಔಷಧಿಗಳಿಗೆ ಬಗ್ಗದ ತಳಿಗಳು ವ್ಯಾಪಕವಾಗಿ ಹರಡಿವೆ, ನಾಯಿಕೆಮ್ಮಿಗೆ ಕೊಡುವ ಅಜಿತ್ರೋಮೈಸಿನ್ ಕೂಡ ಇದೇ ಗುಂಪಿನದ್ದು. ಪ್ಲೇಟಿನಲ್ಲಿ ಡಿಸ್ಕಿನ ಸುತ್ತ ಖಾಲಿ ವೃತ್ತವೇ ಬಾರದಿದ್ದರೆ ಮಗುವಿನ ಡಾಕ್ಟರಿಗೆ ಅದೇ ಗಳಿಗೆ ಫೋನ್ ಹೋಗಬೇಕು.

ಬೆಳೆದ ತಳಿಯನ್ನೆಲ್ಲ ಗ್ಲಿಸರಿನ್‌ನಲ್ಲಿ ಮೈನಸ್ 80 ಡಿಗ್ರಿಯಲ್ಲಿ ಇಡುತ್ತೇನೆ, ದುಡ್ಡು ಸಿಕ್ಕಿದಾಗ ಸೀಕ್ವೆನ್ಸಿಂಗ್‌ಗೆ ಕಳಿಸಲು. ಮಂಗಳೂರು, ಉಡುಪಿ ಕಡೆಯ ಮಕ್ಕಳ ಡಾಕ್ಟರುಗಳಲ್ಲಿ ಒಂದು ಕೇಳಿಕೆ: ಪಿಸಿಆರ್ ಸ್ವಾಬ್ ಜೊತೆ ಕಲ್ಚರಿಗೂ ಒಂದು ತೆಗೆಯಿರಿ, ಅಜಿತ್ರೋಮೈಸಿನ್‌ನ ಮೊದಲ ಡೋಸಿಗೂ ಮುಂಚೆ, ಆದಷ್ಟು ಬೇಗ ಲ್ಯಾಬಿಗೆ ಮುಟ್ಟಿಸಿ. ಸ್ವಾಬ್ ತೆಗೆದ ತಕ್ಷಣ ಔಷಧಿ ಶುರು ಮಾಡಿ, ಎಳೆ ಮಗುವನ್ನು ನಮ್ಮ ರಿಪೋರ್ಟಿಗಾಗಿ ಕಾಯಿಸಬೇಡಿ.