ಮಾತಿಗಿಂತ ಮುಂದೆ ಓಡಿದ ಸಬ್‌ಟೈಟಲ್

ಸಿನಿಮಾದ ಶುರುವಿನಲ್ಲಿ ಸಬ್‌ಟೈಟಲ್ ಸರಿಯಾಗೇ ಇತ್ತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಒಂದು ನಿಮಿಷಕ್ಕೂ ಜಾಸ್ತಿ ಮುಂದೆ ಓಡಿತ್ತು. ತೆರೆ ಮೇಲಿನವರು ಜೋಕ್ ಹೇಳುವ ಮೊದಲೇ ನಾನು ನಕ್ಕು ಮುಗಿಸಿರುತ್ತಿದ್ದೆ!

ನಾನು ವಿಡಿಯೋ ನೋಡುವ ವಿಎಲ್‌ಸಿ ಪ್ಲೇಯರ್‌ನಲ್ಲಿ ಎಚ್ ಕೀ ಒತ್ತಿದರೆ ಸಬ್‌ಟೈಟಲ್ 50 ಮಿಲಿಸೆಕೆಂಡ್ ತಡವಾಗುತ್ತದೆ. ಒತ್ತಿ ಒತ್ತಿ ಬೆರಳು ಸೋತಿತು. ಹತ್ತು ನಿಮಿಷಕ್ಕೆ ಮತ್ತೆ ಅದೇ ಕಥೆ.

ಆಗ ಹೊಳೆಯಿತು. ಅಂತರ ಒಂದೇ ಸಮ ಇಲ್ಲ, ಬೆಳೆಯುತ್ತಾ ಹೋಗುತ್ತಿದೆ ಅಲ್ವಾ? ಹಾಗಾದ್ರೆ ಎಡವಟ್ಟು ಫ್ರೇಮ್ ರೇಟಿನದು, ಅಂದ್ರೆ ಸೆಕೆಂಡಿಗೆ ಎಷ್ಟು ಚಿತ್ರ ಓಡುತ್ತವೆ ಅನ್ನೋ ಲೆಕ್ಕದ್ದು. ವಿಡಿಯೋ ಸೆಕೆಂಡಿಗೆ 23.976 ಫ್ರೇಮ್‌ನದು, ಸಬ್‌ಟೈಟಲ್ 25 ಫ್ರೇಮ್‌ನ, ಅಂದ್ರೆ ಸ್ವಲ್ಪ ವೇಗವಾಗಿ ಓಡುವ ಪ್ರತಿಗೆ ಮಾಡಿದ್ದು. ಸಬ್‌ಟೈಟಲ್ ಎಡಿಟ್ ಅನ್ನೋ ತಂತ್ರಾಂಶದಲ್ಲಿ ಸಬ್‌ಟೈಟಲ್ ಫೈಲ್ ತೆರೆದು ಫ್ರೇಮ್ ರೇಟನ್ನು 25ರಿಂದ 23.976ಕ್ಕೆ ಬದಲಾಯಿಸಿದೆ. ಎಚ್ ಒತ್ತಿ ಕೂಡಿಸಿದ್ದ ತಡವನ್ನು ಸೊನ್ನೆಗೆ ತರೋದು ಮರೆತು ಸುಮ್ನೆ ಇನ್ನೊಂದು ಸುತ್ತು ತಲೆ ಕೆರೆದುಕೊಂಡೆ. ಈಗ ಕೊನೆಯ ದೃಶ್ಯದಲ್ಲೂ ತುಟಿಗೂ ಅಕ್ಷರಕ್ಕೂ ತಾಳ ಕೂಡುತ್ತಿದೆ.