ಸೀಳು ಬಿಡದ ಊಟದ ಮೇಜು: ಗಟ್ಟಿಮರದಲ್ಲಿ ಕೈಯಾರೆ ಮಾಡುವ ಕ್ರಮ

ನಾನು ಮೊದಲ ಸಲ ಮಾಡಿದ ಊಟದ ಮೇಜು ಎಂಟನೆಯ ತಿಂಗಳಿಗೆ ಸೀಳು ಬಿಟ್ಟಿತು. ಹಲಗೆಗಳಲ್ಲಿ ದೋಷವಿರಲಿಲ್ಲ, ಅಂಟು ಒಳ್ಳೆಯದೇ ಆಗಿತ್ತು, ಕಾಲುಗಳ ಜೋಡಣೆಯೂ ಬಿಗಿಯಾಗಿತ್ತು. ಆದರೆ ಮೇಲ್ಹಲಗೆ ಅಲುಗಾಡಬಾರದೆಂದು ಅದನ್ನು ಕೆಳಗಿನ ಚೌಕಟ್ಟಿಗೆ ಸುತ್ತಲೂ ಅಂಟು ಹಚ್ಚಿ ಕೂರಿಸಿ, ಅದು ಸಾಲದೆಂದು ಹನ್ನೆರಡು ಸ್ಕ್ರೂಗಳನ್ನೂ ಬಿಗಿದಿದ್ದೆ. ಒಣಹವೆ ಶುರುವಾದ ಮೇಲೆ ಒಂದು ರಾತ್ರಿ ಕೋಲು ಮುರಿದಂಥ ಸದ್ದಾಯಿತು. ಬೆಳಿಗ್ಗೆ ನೋಡಿದರೆ ಒಂದು ತುದಿಯಿಂದ ಎರಡು ಅಡಿ ಉದ್ದಕ್ಕೆ, ಉಗುರು ಇಳಿಯುವಷ್ಟು ಅಗಲದ ಸೀಳು ಬಿದ್ದಿತ್ತು. ಅಂಟು ಹಾಕಿದ ಕೂಡು ಹಾಗೆಯೇ ಇತ್ತು. ಸೀಳಿದ್ದು ಅದರ ಪಕ್ಕದ ಗಟ್ಟಿ ಮರ. ಆದ್ದರಿಂದ ಮೇಜು ಮಾಡುವ ಕ್ರಮವನ್ನು ಹೇಳುವಾಗ ಎಲ್ಲಕ್ಕಿಂತ ಮೊದಲು ಮರದ ಚಲನೆಯ ವಿಷಯವನ್ನೇ ಹೇಳುತ್ತೇನೆ. ಉಳಿದ ಕೆಲಸವೆಲ್ಲ ಅದನ್ನು ಅನುಸರಿಸಿಯೇ ನಡೆಯಬೇಕು.

ಕಡಿದು ಒಣಗಿಸಿದ ಮೇಲೂ ಮರ ಗಾಳಿಯ ತೇವವನ್ನು ಹೀರುತ್ತದೆ, ಮತ್ತೆ ಬಿಡುತ್ತದೆ. ಹೀರಿದಾಗ ಹಿಗ್ಗುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಉದ್ದಕ್ಕೆ ಈ ವ್ಯತ್ಯಾಸ ಲೆಕ್ಕಕ್ಕೆ ಬರುವಷ್ಟಿರುವುದಿಲ್ಲ. ಅಗಲಕ್ಕೆ ಮಾತ್ರ ತಪ್ಪದೆ ಇರುತ್ತದೆ. ಅಗಲದಲ್ಲೂ, ವಾರ್ಷಿಕ ಉಂಗುರಗಳ ಗುಂಟ ಆಗುವ ಕುಗ್ಗುವಿಕೆ ಉಂಗುರಗಳಿಗೆ ಅಡ್ಡಲಾಗಿ ಆಗುವುದಕ್ಕಿಂತ ಸುಮಾರು ಎರಡು ಪಟ್ಟು ಹೆಚ್ಚು. ಸ್ಥಿರವಾದ ಮರವೆಂದು ಹೆಸರಾದ ತೇಗವನ್ನೇ ತೆಗೆದುಕೊಳ್ಳಿ: ಹಸಿ ಸ್ಥಿತಿಯಿಂದ ಪೂರ್ತಿ ಒಣಗುವವರೆಗೆ ಅದು ಉಂಗುರಗಳ ಗುಂಟ ಸುಮಾರು 5.8%, ಅಡ್ಡಲಾಗಿ ಸುಮಾರು 2.5% ಕುಗ್ಗುತ್ತದೆ. ಮರದ ತೇವಾಂಶ ಸುಮಾರು 28%ಕ್ಕಿಂತ ಕೆಳಗೆ ಇಳಿದ ಮೇಲೆಯೇ ಕುಗ್ಗುವಿಕೆ ಶುರುವಾಗುವುದರಿಂದ, ತೇವಾಂಶದ ಪ್ರತಿ ಒಂದು ಶೇಕಡಾ ಅಂಶಕ್ಕೆ ಸುಮಾರು 0.2% ಎಂದು ಲೆಕ್ಕ ಹಿಡಿಯಬಹುದು. 90 ಸೆಂ.ಮೀ. ಅಗಲದ ಮೇಜಿನ ತೇವಾಂಶ ಮಳೆಗಾಲಕ್ಕೂ ಒಣಗಾಲಕ್ಕೂ ನಾಲ್ಕು ಅಂಶ ಬದಲಾದರೆ ಅದರ ಅಗಲ 7 ಮಿ.ಮೀ.ನಷ್ಟು ವ್ಯತ್ಯಾಸವಾಗುತ್ತದೆ. ಇದನ್ನು ಯಾವ ಸ್ಕ್ರೂವೂ ತಡೆಯಲಾರದು.

ಈಗ ಅಳತೆ. ಊಟದ ಮೇಜಿನ ಎತ್ತರ 74ರಿಂದ 76 ಸೆಂ.ಮೀ. ಇರಲಿ. ಕುರ್ಚಿಯ ಕೂರುವ ಹಲಗೆಗೂ ಮೇಜಿನ ಮೇಲ್ಮೈಗೂ 28ರಿಂದ 30 ಸೆಂ.ಮೀ. ಅಂತರ ಬೇಕು, ಮೊಣಕಾಲು ಒಳಗೆ ಹೋಗಲು ನೆಲದಿಂದ ಚೌಕಟ್ಟಿನ ಕೆಳಗಿನ ಅಂಚಿನವರೆಗೆ ಕನಿಷ್ಠ 61 ಸೆಂ.ಮೀ. ಬೇಕು. ಒಬ್ಬರಿಗೆ 60 ಸೆಂ.ಮೀ. ಅಂಚು ಎಂದು ಹಿಡಿದರೆ ಆರು ಜನರಿಗೆ 180 × 90 ಸೆಂ.ಮೀ. ಧಾರಾಳವಾಗುತ್ತದೆ. ಮುಂದಿನ ಅಳತೆಗಳೆಲ್ಲ ಈ ಮೇಜಿನವು.

ಹಲಗೆ ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ತುದಿಯನ್ನು ನೋಡಬೇಕು. ತುದಿಯಲ್ಲಿ ಕಾಣುವ ಉಂಗುರಗಳ ಗೆರೆ ಹಲಗೆಯ ದಪ್ಪಕ್ಕೆ ನೇರವಾಗಿ ನಿಂತಿದ್ದರೆ ಅಂಥ ಹಲಗೆ ಕಡಿಮೆ ಚಲಿಸುತ್ತದೆ, ಕಡಿಮೆ ಬಾಗುತ್ತದೆ. ಗೆರೆ ಕಮಾನಿನಂತೆ ಮಲಗಿದ್ದರೆ ಹೆಚ್ಚು. ಚೇಗು (ಕಾಂಡದ ಒಳಗಿನ ಗಟ್ಟಿ ಮರ) ಇರುವ ಭಾಗವನ್ನೇ ಆರಿಸಿ, ಹೊರಗಿನ ಬಿಳಿ ಮರವನ್ನು ಬಿಡಿ, ಏಕೆಂದರೆ ಹುಳು ಹಿಡಿಯುವುದು ಅಲ್ಲಿಯೇ. ತಂದ ಹಲಗೆಗಳನ್ನು ಕೂಡಲೇ ಕೊಯ್ಯದೆ, ನಡುವೆ ಸಮದಪ್ಪದ ಕಡ್ಡಿಗಳನ್ನಿಟ್ಟು, ಮೇಜು ಇರಬೇಕಾದ ಕೋಣೆಯಲ್ಲೇ ಎರಡು ಮೂರು ವಾರ ಪೇರಿಸಿಡುವುದು ಒಳ್ಳೆಯದು. ಈ ಕಾಯುವಿಕೆಯಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ. ಬಾಗುವ ಹಲಗೆ ಬಾಗಿ ತೋರಿಸಿಬಿಡುತ್ತದೆ.

ಮೇಲ್ಹಲಗೆಗೆ 15ರಿಂದ 18 ಸೆಂ.ಮೀ. ಅಗಲದ ಐದಾರು ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಬೇಕು. ಇಲ್ಲಿ ಅವಸರ ಸಲ್ಲದು, ಯಾಕೆಂದರೆ ಅಂಚು ಸರಿಯಾಗಿ ಕೂಡಿದರೆ ಅಂಟು ಮರಕ್ಕಿಂತ ಗಟ್ಟಿಯಾಗುತ್ತದೆ, ಕೂಡದಿದ್ದರೆ ಎಷ್ಟು ಕ್ಲ್ಯಾಂಪ್ ಹಾಕಿದರೂ ಪ್ರಯೋಜನವಿಲ್ಲ. ಅಕ್ಕಪಕ್ಕ ಬರುವ ಎರಡು ಹಲಗೆಗಳನ್ನು ಪುಸ್ತಕ ಮುಚ್ಚಿದಂತೆ ಮುಖಕ್ಕೆ ಮುಖ ಸೇರಿಸಿ, ಎರಡರ ಅಂಚಿಗೂ ಒಟ್ಟಿಗೇ ಹತ್ತರಿ (ಮರವನ್ನು ಕೀಸಿ ಸಮ ಮಾಡುವ ಸಾಧನ) ಹಿಡಿಯಿರಿ. ಹತ್ತರಿ ತುಸು ವಾಲಿದರೂ ತೊಂದರೆಯಿಲ್ಲ: ಪುಸ್ತಕ ಬಿಚ್ಚಿದಾಗ ಒಂದರ ವಾಲಿಕೆ ಇನ್ನೊಂದರ ವಾಲಿಕೆಯನ್ನು ತುಂಬಿಕೊಳ್ಳುತ್ತದೆ. ಬಳಿಕ ಒಂದು ಹಲಗೆಯನ್ನು ಇನ್ನೊಂದರ ಅಂಚಿನ ಮೇಲೆ ನಿಲ್ಲಿಸಿ, ಮೇಲಿನದನ್ನು ಎರಡು ಬೆರಳಿನಿಂದ ಪಕ್ಕಕ್ಕೆ ತಳ್ಳಿ ನೋಡಿ. ನಡುವಿನಲ್ಲಿ ಮುಳ್ಳಿನ ಮೇಲೆ ಕೂತಂತೆ ಸಲೀಸಾಗಿ ತಿರುಗಿದರೆ ನಡುವೆ ಉಬ್ಬಿದೆ ಎಂದರ್ಥ. ಎರಡು ತುದಿಗಳೂ ಉಜ್ಜಿಕೊಂಡು ಬಿಗುವಾಗಿ ಸರಿದರೆ ಅಂಚು ಸರಿಯಿದೆ. ಈ ಉದ್ದದ ಹಲಗೆಗೆ ನಡುವಿನಲ್ಲಿ ಅರ್ಧ ಮಿಲಿಮೀಟರಿಗಿಂತ ಕಡಿಮೆ ತಗ್ಗು ಇದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಬೇಗ ಒಣಗುವುದು ತುದಿಗಳೇ, ಬಾಯಿ ಬಿಡುವುದೂ ಅಲ್ಲಿಯೇ. ಆ ತಗ್ಗನ್ನು ಕ್ಲ್ಯಾಂಪ್ ಮುಚ್ಚಿದಾಗ ತುದಿಗಳು ಒತ್ತಡದಲ್ಲಿ ಉಳಿಯುತ್ತವೆ.

ಬಿಳಿ ಅಂಟನ್ನು ಎರಡೂ ಅಂಚಿಗೆ ತೆಳ್ಳಗೆ, ಎಲ್ಲಿಯೂ ಬಿಡದಂತೆ ಹಚ್ಚಿ. ಕ್ಲ್ಯಾಂಪ್‌ಗಳನ್ನು ಸುಮಾರು 25 ಸೆಂ.ಮೀ.ಗೆ ಒಂದರಂತೆ, ಒಂದು ಮೇಲೆ ಒಂದು ಕೆಳಗೆ ಬರುವ ಹಾಗೆ ಹಾಕಿ. ಎಲ್ಲವೂ ಒಂದೇ ಬದಿಗಿದ್ದರೆ ಹಲಗೆ ಕಮಾನಾಗುತ್ತದೆ. ಕೂಡಿನ ಉದ್ದಕ್ಕೂ ಅಂಟಿನ ಸಣ್ಣ ಹನಿಗಳು ಸಾಲಾಗಿ ಮೂಡಿದರೆ ಬಿಗಿತ ಸಾಕು. ಹೊರಬಂದ ಅಂಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅದು ಮರದ ಎಳೆಗಳೊಳಗೆ ಇಳಿದು, ಮುಂದೆ ಎಣ್ಣೆ ಹಚ್ಚಿದಾಗ ಮಂಕು ಕಲೆಯಾಗಿ ಕಾಣುತ್ತದೆ. ಅರ್ಧ ಗಂಟೆ ಬಿಟ್ಟು, ರಬ್ಬರಿನಂತಾದ ಮೇಲೆ ಉಳಿಯಿಂದ ಎಬ್ಬಿಸಿ ತೆಗೆಯಿರಿ. ಒಂದು ದಿನ ಬಿಟ್ಟು ಮೇಲ್ಮೈಯನ್ನು ಮೊದಲು ಓರೆಯಾಗಿ ಎರಡು ದಿಕ್ಕಿನಿಂದಲೂ, ಆಮೇಲೆ ಎಳೆಯ ಗುಂಟ ಹತ್ತರಿ ಹಿಡಿದು ಸಮ ಮಾಡಿ, ಕೊನೆಯ ದಪ್ಪ 25 ಮಿ.ಮೀ. ಉಳಿಸಿಕೊಳ್ಳಿ.

ಚೌಕಟ್ಟಿಗೆ 65 ಮಿ.ಮೀ. ಚೌಕದ ನಾಲ್ಕು ಕಾಲುಗಳು, 100 ಮಿ.ಮೀ. ಅಗಲ ಮತ್ತು 22 ಮಿ.ಮೀ. ದಪ್ಪದ ನಾಲ್ಕು ಅಡ್ಡಪಟ್ಟಿಗಳು. ಪಟ್ಟಿಯ ತುದಿಯಲ್ಲಿ ಅದರ ದಪ್ಪದ ಮೂರನೆಯ ಒಂದರಷ್ಟು, ಅಂದರೆ 7ರಿಂದ 8 ಮಿ.ಮೀ. ದಪ್ಪದ ನಾಲಿಗೆ ಬಿಡಿಸಿ, ಕಾಲಿನಲ್ಲಿ ತೆಗೆದ ಕುಳಿಗೆ ಕೂರಿಸಬೇಕು. ಮೊದಲು ಕುಳಿ ತೆಗೆದು ಆಮೇಲೆ ನಾಲಿಗೆಯನ್ನು ಅದಕ್ಕೆ ಹೊಂದಿಸಿ. ಹೊರಗಿರುವ ನಾಲಿಗೆಯನ್ನು ಸವರುವುದು ಸುಲಭ, ಕುಳಿಯನ್ನು ತಿದ್ದುವುದು ಕಷ್ಟ. ಕಾಲನ್ನು ಬೇಕಾದುದಕ್ಕಿಂತ 20 ಮಿ.ಮೀ. ಉದ್ದವಾಗಿ ಕೊಯ್ದಿಟ್ಟುಕೊಂಡು, ಕುಳಿ ತೆಗೆಯುವ ಕೆಲಸ ಮುಗಿದ ಮೇಲೆ ಆ ಹೆಚ್ಚಿನ ತುದಿಯನ್ನು ಕತ್ತರಿಸಿದರೆ ಉಳಿಯ ಹೊಡೆತಕ್ಕೆ ಕಾಲಿನ ತಲೆ ಸೀಳುವುದಿಲ್ಲ. ಪಕ್ಕದ ಎರಡು ನಾಲಿಗೆಗಳು ಕಾಲಿನೊಳಗೆ ಸಂಧಿಸುವಲ್ಲಿ ಅವುಗಳ ತುದಿಯನ್ನು 45 ಡಿಗ್ರಿಗೆ ಕೊಯ್ಯಿರಿ. ಅಂಟು ಹಾಕಿ ನಿಲ್ಲಿಸಿದ ಕೂಡಲೇ ಎರಡು ಕರ್ಣಗಳನ್ನೂ ಅಳೆಯಿರಿ. ಅವು ಸಮನಾಗುವವರೆಗೆ ಕ್ಲ್ಯಾಂಪನ್ನು ತುಸು ಓರೆಗೆ ಸರಿಸಿ ಎಳೆಯಬೇಕು.

ಭೂಮಿಯ ಮೇಲಿನ ಮೇಜುಗಳು ಇಲ್ಲಿ ನೆನಪಿಗೆ ಬರುತ್ತವೆ. ಚಪ್ಪಟೆ ತಲೆಯ ಗುಡ್ಡಕ್ಕೆ ಸ್ಪ್ಯಾನಿಷ್ ಭಾಷೆಯಲ್ಲಿ ಮೇಜು ಎಂಬ ಅರ್ಥದ ಮೆಸಾ ಎಂದೇ ಹೆಸರು. ಅದರ ನೆತ್ತಿಯ ಗಟ್ಟಿ ಶಿಲಾಪದರ ಬೇಗ ಸವೆಯುವುದಿಲ್ಲ. ಕೆಳಗಿನ ಮೆತ್ತನೆಯ ಪದರ ಸವೆದು ಹಿಂದೆ ಸರಿದಾಗ ಆಧಾರ ತಪ್ಪಿ ನೆತ್ತಿಯ ಅಂಚು ಒಡೆದು ಉರುಳುತ್ತದೆ. ನಮ್ಮ ಮೇಜಿಗೂ ಕೆಳಗಿನ ಆಧಾರದ ವರ್ತನೆಯೇ ಮುಖ್ಯ, ಆದರೆ ಕಾರಣ ಬೇರೆ: ಇಲ್ಲಿ ಅಡ್ಡಪಟ್ಟಿ ತನ್ನ ಉದ್ದದಲ್ಲಿ ಕದಲುವುದಿಲ್ಲ, ಅದರ ಮೇಲೆ ಕೂತ ಹಲಗೆ ಅಗಲದಲ್ಲಿ ಕದಲುತ್ತಲೇ ಇರುತ್ತದೆ.

ಇವೆರಡನ್ನೂ ಹೊಂದಿಸುವುದು ಮರದ ಗುಂಡಿಗಳು, ಅಂದರೆ ಹಲಗೆಯ ತಳಕ್ಕೆ ಸ್ಕ್ರೂನಿಂದ ಬಿಗಿದು ಚೌಕಟ್ಟಿಗೆ ಸಿಕ್ಕಿಸುವ ಸಣ್ಣ ತುಂಡುಗಳು. ಅಡ್ಡಪಟ್ಟಿಗಳ ಒಳಮುಖದಲ್ಲಿ, ಮೇಲಿನ ಅಂಚಿನಿಂದ 12 ಮಿ.ಮೀ. ಕೆಳಗೆ, 6 ಮಿ.ಮೀ. ಅಗಲ ಮತ್ತು 10 ಮಿ.ಮೀ. ಆಳದ ತೋಡನ್ನು ತೆಗೆಯಿರಿ. ಬೆಂಕಿಪೊಟ್ಟಣದ ಅರ್ಧದಷ್ಟು ದೊಡ್ಡ ಮರದ ತುಂಡುಗಳಿಗೆ, ಆ ತೋಡಿನೊಳಗೆ ಸಡಿಲವಾಗಿ ಹೋಗುವಂತೆ ತುಟಿ ಬಿಡಿಸಿ. ಮರದ ಎಳೆ ತುಟಿಯ ಉದ್ದಕ್ಕೇ ಓಡಬೇಕು. ಅಡ್ಡಲಾಗಿದ್ದರೆ ಸ್ಕ್ರೂ ಬಿಗಿದ ಕೂಡಲೇ ತುಟಿ ಮುರಿಯುತ್ತದೆ. ತುಟಿಯ ಮೇಲ್ಮುಖದಿಂದ ಗುಂಡಿಯ ನೆತ್ತಿಗೆ 12ರ ಬದಲು 11 ಮಿ.ಮೀ. ಇರಲಿ. ಆ ಒಂದು ಮಿಲಿಮೀಟರಿನ ಸಂದೇ ಸ್ಕ್ರೂ ಬಿಗಿದಾಗ ಹಲಗೆಯನ್ನು ಕೆಳಗೆ ಎಳೆದು ಹಿಡಿಯುತ್ತದೆ. ಉದ್ದನೆಯ ಪಟ್ಟಿಗಳಲ್ಲಿ ತುಟಿಯ ತುದಿಗೂ ತೋಡಿನ ತಳಕ್ಕೂ, ಹಾಗೆಯೇ ಗುಂಡಿಯ ಭುಜಕ್ಕೂ ಪಟ್ಟಿಗೂ ನಡುವೆ 4 ಮಿ.ಮೀ. ಬಿಡಿ, ಹಲಗೆ ಹಿಗ್ಗಲೂ ಕುಗ್ಗಲೂ ಅಷ್ಟು ಬೇಕು. ತುದಿಯ ಗಿಡ್ಡ ಪಟ್ಟಿಗಳಲ್ಲಿ ಗುಂಡಿ ತೋಡಿನ ಗುಂಟ ಸರಿಯುತ್ತದೆ. ಆ ಎರಡು ಪಟ್ಟಿಗಳ ನಟ್ಟನಡುವೆ ಮಾತ್ರ ಒಂದೊಂದು ಸ್ಕ್ರೂವನ್ನು ಕದಲದಂತೆ ಬಿಗಿದರೆ ಚಲನೆ ಎರಡೂ ಬದಿಗೆ ಸಮನಾಗಿ ಹಂಚಿಹೋಗುತ್ತದೆ. ಗುಂಡಿಗೂ ಹಲಗೆಗೂ ಎಲ್ಲಿಯೂ ಅಂಟು ಬೇಡ.

ನಾಲ್ಕು ಕಾಲಿನ ಮೇಜು ಸ್ವಲ್ಪವಾದರೂ ಅಲುಗುತ್ತದೆ (ಮೂರು ಕಾಲಿನದಕ್ಕೆ ಆ ತೊಂದರೆಯಿಲ್ಲ, ಮೂರು ಬಿಂದುಗಳು ಯಾವ ನೆಲದ ಮೇಲೂ ಕೂರುತ್ತವೆ). ಒಂದೇ ಕಾಲನ್ನು ಅಂದಾಜಿನಲ್ಲಿ ಕತ್ತರಿಸುತ್ತಾ ಹೋಗಬೇಡಿ. ಸಮತಟ್ಟಾದ ನೆಲದ ಮೇಲೆ ಮೇಜನ್ನಿಟ್ಟು, ಗಿಡ್ಡ ಕಾಲುಗಳ ಕೆಳಗೆ ಬೆಣೆ ಕೊಟ್ಟು ಮೇಲ್ಮೈಯನ್ನು ಮಟ್ಟಕ್ಕೆ ತನ್ನಿ. ಅತಿ ದೊಡ್ಡ ಸಂದಿಗಿಂತ ತುಸು ದಪ್ಪದ ಮರದ ತುಂಡಿನ ಮೇಲೆ ಪೆನ್ಸಿಲನ್ನು ಮಲಗಿಸಿ, ನಾಲ್ಕೂ ಕಾಲುಗಳ ಸುತ್ತ ಗೆರೆ ಎಳೆದು, ಆ ಗೆರೆಗೆ ಕೊಯ್ಯಿರಿ. ಇದರಲ್ಲಿ ಕಳೆಯುವ ಎತ್ತರವನ್ನು ಕಾಲಿನ ಉದ್ದದಲ್ಲಿ ಮೊದಲೇ ಸೇರಿಸಿಕೊಂಡಿರಬೇಕು.

ಉಪ್ಪುಕಾಗದವನ್ನು 120, 180, 220ರ ಕ್ರಮದಲ್ಲಿ ಎಳೆಯ ಗುಂಟ ಉಜ್ಜಿ, ಒಮ್ಮೆ ಒದ್ದೆ ಬಟ್ಟೆ ಆಡಿಸಿ ನಾರು ಎದ್ದ ಮೇಲೆ ಮತ್ತೆ 220ರಿಂದ ಹಗುರವಾಗಿ ಉಜ್ಜಿ. ಎಣ್ಣೆಯಾಗಲಿ ವಾರ್ನಿಷ್ ಆಗಲಿ, ಕಣ್ಣಿಗೆ ಕಾಣದ ತಳಭಾಗಕ್ಕೂ ಮೇಲಿನಷ್ಟೇ ಲೇಪ ಕೊಡಿ. ಒಂದೇ ಮುಖ ಮುಚ್ಚಿದರೆ ಎರಡು ಮುಖಗಳು ಬೇರೆ ಬೇರೆ ವೇಗದಲ್ಲಿ ತೇವ ಹೀರಿ ಹಲಗೆ ಬಟ್ಟಲಿನಂತೆ ಬಾಗುತ್ತದೆ. ಅಗಸೆ ಎಣ್ಣೆ ಬಳಸಿದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬೇಡಿ. ಎಣ್ಣೆ ಒಣಗುವಾಗ ಹುಟ್ಟುವ ಬಿಸಿ ಮುದ್ದೆಯೊಳಗೆ ಕೂಡಿಕೊಂಡು ಬಟ್ಟೆ ತಾನಾಗಿ ಹೊತ್ತಿಕೊಳ್ಳಬಲ್ಲದು. ಅದನ್ನು ಬಯಲಿನಲ್ಲಿ ಒಂದೇ ಪದರವಾಗಿ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಕೊನೆಗೆ ಮೇಜಿನ ಅಡಿಗೆ ತೂರಿ, ಉದ್ದನೆಯ ಎರಡೂ ಪಟ್ಟಿಗಳ ಒಳ ಅಂಚಿಗೆ ತಾಗಿಸಿ ಹಲಗೆಯ ತಳದ ಮೇಲೆ ಚೂಪಾದ ಪೆನ್ಸಿಲಿನಿಂದ ಒಂದು ಗೆರೆ ಎಳೆದು, ಪಕ್ಕದಲ್ಲಿ ದಿನಾಂಕ ಬರೆದಿಡಿ. ಋತು ಬದಲಾದ ಮೇಲೆ ಟಾರ್ಚ್ ಹಿಡಿದು ನೋಡಿದರೆ, ಗೆರೆ ಒಂದೋ ಪಟ್ಟಿಯಿಂದ ಎರಡು ಮೂರು ಮಿಲಿಮೀಟರ್ ದೂರ ಸರಿದಿರುತ್ತದೆ, ಇಲ್ಲವೇ ಪಟ್ಟಿಯ ಮೇಲೆ ಹೋಗಿ ಮರೆಯಾಗಿರುತ್ತದೆ.